ಊರಿನ ವೈದ್ಯರೂ ಕಸುಬಿನ ರೋಗಗಳೂ: ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನು ಕುರಿತು ಒಂದು ವಿವೇಚನೆ

೧

ಮನುಷ್ಯನು ಬದುಕುವುದಕ್ಕಾಗಿ ದುಡಿಯುತ್ತಾನೆ. ಆ ದುಡಿಮೆಯೇ ಒಮ್ಮೊಮ್ಮೆ ಅವನ ಬದುಕನ್ನು ಮೊಟಕುಗೊಳಿಸುವುದುಂಟು. ಕಲ್ಲು ಕೊರೆಯುವವನ ಶ್ವಾಸಕೋಶವನ್ನು ಕಲ್ಲಿನ ಧೂಳು ಕೆಡಿಸುತ್ತದೆ. ಗಿರಣಿಯಲ್ಲಿ ದುಡಿಯುವವನ ಎದೆಯನ್ನು ಹತ್ತಿಯ ಧೂಳು ಬಿಗಿಯುತ್ತದೆ. ಬೆಳೆಗೆ ಔಷಧ ಹೊಡೆಯುವವನ ನರಗಳನ್ನು ಆ ಔಷಧವೇ ಪೀಡಿಸುತ್ತದೆ. ಇಂಥ ವ್ಯಾಧಿಗಳಿಗೆ ವೃತ್ತಿರೋಗಗಳೆಂದು ಹೆಸರು. ಇವುಗಳನ್ನು ಗುರುತಿಸುವ, ತಡೆಯುವ, ಇವುಗಳಿಂದ ನೊಂದವರಿಗೆ ಸಲ್ಲಬೇಕಾದುದನ್ನು ಸಲ್ಲುವಂತೆ ಮಾಡುವ ವಿದ್ಯೆಯೇ ಔದ್ಯೋಗಿಕ ವೈದ್ಯಶಾಸ್ತ್ರ. ಈ ವಿದ್ಯೆಯು ದೊಡ್ಡ ನಗರಗಳ ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಸೇರಿದುದೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ತಾಲ್ಲೂಕುಗಳನ್ನು ದೃಷ್ಟಾಂತವಾಗಿಟ್ಟುಕೊಂಡು, ಆ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನೂ, ಪೇಟೆಯ ಬೀದಿಯಲ್ಲಿ ದವಾಖಾನೆ ಇಟ್ಟುಕೊಂಡು ಮನೆಮಂದಿಗೆಲ್ಲ ಮದ್ದು ಕೊಡುವ ಸಾಮಾನ್ಯ ವೈದ್ಯರಿಗೆ ಈ ವಿದ್ಯೆಯಲ್ಲಿ ಮುಂದುವರಿದ ಶಿಕ್ಷಣ ಏಕೆ ಅಗತ್ಯವೆಂಬುದನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚರಿತ್ರೆಯ ಅಧ್ಯಾಪಕರು ವೈದ್ಯರ ಶಿಕ್ಷಣದ ವಿಚಾರವನ್ನು ಎತ್ತಿಕೊಂಡುದೇಕೆಂದು ವಾಚಕರು ಕೇಳಬಹುದು. ಶ್ರಮಜೀವಿಗಳ ಚರಿತ್ರೆಯನ್ನು ಬರೆಯಹೊರಟವರಿಗೆ ಶಾಸನಗಳಾಗಲಿ ದಫ್ತರಗಳಾಗಲಿ ಹೆಚ್ಚಿನ ನೆರವನ್ನು ಕೊಡುವುದಿಲ್ಲ. ಅವರ ಹೆಸರು ಸರಕಾರದ ಕಾಗದಪತ್ರಗಳಲ್ಲಿ ಕಾಣಬರುವುದು ಹೆಚ್ಚಾಗಿ ಎರಡೇ ಕಡೆ: ಕಂದಾಯದ ಲೆಕ್ಕದಲ್ಲಿ, ಮತ್ತು ಜನನ ಮರಣಗಳ ದಾಖಲೆಯಲ್ಲಿ. ಕಲ್ಲಿನ ಧೂಳಿನಿಂದ ಸತ್ತವನ ಹೆಸರಿನ ಮುಂದೆ ಕ್ಷಯವೆಂದು ಬರೆದುಬಿಟ್ಟರೆ, ಆ ಮನೆತನಕ್ಕೆ ಪರಿಹಾರ ತಪ್ಪುವುದಷ್ಟೇ ಅಲ್ಲ, ಚರಿತ್ರೆಗೆ ಸಾಕ್ಷ್ಯವೂ ತಪ್ಪುತ್ತದೆ. ವೈದ್ಯರು ಕೇಳದೆ ಬಿಟ್ಟ ಒಂದು ಪ್ರಶ್ನೆಯನ್ನು ಐವತ್ತು ವರ್ಷಗಳ ಮೇಲೆ ಚರಿತ್ರಕಾರನು ಕೇಳಿ ಉತ್ತರ ಪಡೆಯಲಾರನು.

೨

ಆ ಪ್ರಶ್ನೆಯನ್ನು ವೈದ್ಯರ ಬಾಯಲ್ಲಿಟ್ಟವನು ಇಟಲಿಯ ಬೆರ್ನಾರ್ಡಿನೊ ರಾಮಾಜ್ಜಿನಿ (೧೬೩೩–೧೭೧೪). ಮೊದೆನಾ ನಗರದಲ್ಲಿ ಮಲಗುಂಡಿಗಳನ್ನು ಬರಿದು ಮಾಡುವ ಕೂಲಿಯೊಬ್ಬನು ಅತ್ಯಂತ ಅವಸರದಿಂದ ಕೆಲಸ ಮಾಡುತ್ತಿದ್ದುದನ್ನು ಕಂಡು, ಆತುರವೇಕೆಂದು ಅವನು ವಿಚಾರಿಸಿದನು. ಆ ಗುಂಡಿಯಲ್ಲಿ ಹೆಚ್ಚು ಹೊತ್ತು ನಿಂತರೆ ಕಣ್ಣು ಉರಿದು ಕುರುಡಾಗುವುದೆಂಬ ಉತ್ತರ ಬಂತು. ಈ ವಿಚಾರಣೆಯೇ ಮುಂದೆ ಬೆಳೆದು, ಕಸುಬುದಾರರ ರೋಗಗಳನ್ನು ಕುರಿತ ಅವನ ಲ್ಯಾಟಿನ್ ಗ್ರಂಥವಾಗಿ ೧೭೦೦ರಲ್ಲಿ ಪ್ರಕಟವಾಯಿತು. ೧೭೧೩ರಲ್ಲಿ ವಿಸ್ತೃತವಾದ ಎರಡನೆಯ ಆವೃತ್ತಿ ಹೊರಬಂತು. ರೋಗಿಯನ್ನು ಕೇಳಬೇಕೆಂದು ಹಿಪ್ಪೊಕ್ರೇಟಿಸನ ಸಂಪ್ರದಾಯದಲ್ಲಿ ಹೇಳಿದ ಪ್ರಶ್ನೆಗಳಿಗೆ ‘ನಿನ್ನ ಕಸುಬು ಯಾವುದು?’ ಎಂಬ ಇನ್ನೊಂದನ್ನು ಸೇರಿಸಬೇಕೆಂಬುದು ಆ ಗ್ರಂಥದ ಮುಖ್ಯ ಬೋಧೆ.

ಇಂಗ್ಲೆಂಡಿನಲ್ಲಿ ಈ ವಿದ್ಯೆ ಬೆಳೆದ ಬಗೆಯೂ ಗಮನಾರ್ಹವಾದುದು. ೧೭೭೫ರಲ್ಲಿ ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯನು ಹೊಗೆಗೂಡುಗಳನ್ನು ಗುಡಿಸುವ ಹುಡುಗರಿಗೆ ಮುಂದೆ ಬರುವ ಅರ್ಬುದರೋಗಕ್ಕೆ ಮಸಿಯೇ ಕಾರಣವೆಂದು ತೋರಿಸಿದನು. ೧೮೩೧ರಲ್ಲಿ ಲೀಡ್ಸ್ ನಗರದ ವೈದ್ಯ ಚಾರ್ಲ್ಸ್ ಟರ್ನರ್ ಥ್ಯಾಕ್ರಾ ತನ್ನ ಊರಿನ ಕಸುಬುಗಳಿಂದ ಒದಗುವ ಹಾನಿಯನ್ನು ಒಂದೊಂದಾಗಿ ವಿವರಿಸಿ ಪುಸ್ತಕವನ್ನು ಬರೆದನು. ೧೮೪೪ರ ಕಾಯಿದೆಯು ಕಾರ್ಖಾನೆಗಳಿಗೆ ಪ್ರಮಾಣಪತ್ರ ಕೊಡುವ ವೈದ್ಯರನ್ನು ನೇಮಿಸಲು ಅವಕಾಶ ಮಾಡಿತು. ಇವರಲ್ಲಿ ಹೆಚ್ಚಿನವರು ಆಯಾ ಊರಿನ ಸಾಮಾನ್ಯ ವೈದ್ಯರೇ ಆಗಿದ್ದರು. ೧೮೯೫ರಲ್ಲಿ ಸೀಸ, ರಂಜಕ, ಪಾಷಾಣಗಳ ವಿಷವನ್ನೂ ಆಂಥ್ರಾಕ್ಸ್ ರೋಗವನ್ನೂ ಕಂಡ ವೈದ್ಯನು ಸರಕಾರಕ್ಕೆ ವರದಿ ಮಾಡಲೇಬೇಕೆಂದು ವಿಧಿಸಲಾಯಿತು. ೧೮೯೮ರಲ್ಲಿ ಥಾಮಸ್ ಲೆಗ್ ಕಾರ್ಖಾನೆಗಳ ಮೊದಲ ವೈದ್ಯ ನಿರೀಕ್ಷಕನಾದನು. ಈ ಕ್ರಮವನ್ನು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಊರಿನ ವೈದ್ಯನ ಅವಲೋಕನ ಮೊದಲು, ಕಾನೂನು ಅನಂತರ, ವಿಶೇಷಜ್ಞನು ಎಲ್ಲಕ್ಕೂ ಕೊನೆಗೆ. ನಮ್ಮ ದೇಶದಲ್ಲಿ ಕಾನೂನೂ ವಿಶೇಷಜ್ಞರೂ ಮುಂದಾಗಿ ಬಂದರು; ಊರಿನ ವೈದ್ಯರನ್ನು ಸಿದ್ಧಗೊಳಿಸುವ ಕೆಲಸ ಹಿಂದೆ ಬಿದ್ದಿತು.

೩

ಭಾರತದಲ್ಲಿ ಮೊದಲ ಕಾರ್ಖಾನೆ ಕಾಯಿದೆ ೧೮೮೧ರಲ್ಲಿ ಆಯಿತು. ಆದರೆ ವೃತ್ತಿರೋಗದ ವಿಷಯದಲ್ಲಿ ಕನ್ನಡನಾಡಿನ ಪ್ರಥಮ ಪಾಠ ದೊರೆತದ್ದು ಕೋಲಾರದ ಚಿನ್ನದ ಗಣಿಗಳಲ್ಲಿ. ಭಾರತದಲ್ಲಿ ಸಿಲಿಕೋಸಿಸ್ ರೋಗದ ಮೊದಲ ವರದಿ ಬಂದದ್ದು ೧೯೩೪ರಲ್ಲಿ, ಆ ಗಣಿಗಳಿಂದಲೇ. ೧೯೪೦ರಿಂದ ೧೯೪೬ರ ವರೆಗೆ ಅಲ್ಲಿ ಪರೀಕ್ಷೆಗೊಳಗಾದ ೭,೬೫೩ ಕೆಲಸಗಾರರಲ್ಲಿ ನೂರಕ್ಕೆ ನಲವತ್ತಕ್ಕೂ ಮಿಕ್ಕವರು ಈ ರೋಗಕ್ಕೆ ತುತ್ತಾಗಿದ್ದರು. ಗಣಿಗೆ ಸ್ವಂತ ಆಸ್ಪತ್ರೆಯಿತ್ತು, ಕ್ಷ-ಕಿರಣ ಯಂತ್ರವಿತ್ತು, ಕೆಲಸಗಾರನು ಯಾವ ಸುರಂಗದಲ್ಲಿ ಎಷ್ಟು ವರ್ಷ ದುಡಿದನೆಂಬ ಲೆಕ್ಕವಿತ್ತು. ಆದುದರಿಂದಲೇ ಅಲ್ಲಿಯ ರೋಗ ಎಣಿಕೆಗೆ ಸಿಕ್ಕಿತು. ೧೯೪೬ರಲ್ಲಿ ಹೊರಬಂದ ಭೋರ್ ಸಮಿತಿಯ ವರದಿಯು ಕೈಗಾರಿಕಾ ಆರೋಗ್ಯವನ್ನು ಸಾರ್ವಜನಿಕ ಆರೋಗ್ಯವ್ಯವಸ್ಥೆಯ ಅಂಗವೆಂದೇ ಪರಿಗಣಿಸಿತು.

೧೯೪೮ರ ಕಾರ್ಖಾನೆ ಕಾಯಿದೆಯ ೮೯ನೆಯ ವಿಧಿ ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದುದು. ಕಾರ್ಖಾನೆಯಲ್ಲಿ ದುಡಿಯುತ್ತಿರುವ ಅಥವಾ ಹಿಂದೆ ದುಡಿದಿದ್ದ ವ್ಯಕ್ತಿಗೆ ಮೂರನೆಯ ಅನುಸೂಚಿಯಲ್ಲಿ ಹೇಳಿದ ರೋಗವಿದೆಯೆಂದು ಕಂಡುಬಂದರೆ, ಚಿಕಿತ್ಸೆ ಕೊಡುವ ವೈದ್ಯನು ತಡಮಾಡದೆ ಮುಖ್ಯ ನಿರೀಕ್ಷಕರಿಗೆ ಲಿಖಿತ ವರದಿಯನ್ನು ಕಳುಹಿಸಬೇಕೆಂದು ಅದು ವಿಧಿಸಿತು. ತಪ್ಪಿದವರಿಗೆ ಮೂಲ ಕಾಯಿದೆಯಲ್ಲಿ ೫೦ ರೂಪಾಯಿಗಳ ತನಕ, ೧೯೮೭ರ ತಿದ್ದುಪಡಿಯ ಮೇಲೆ ೧೦೦೦ ರೂಪಾಯಿಗಳ ತನಕ ದಂಡವಿತ್ತು. ಈ ಕಾಯಿದೆಯ ಸ್ಥಾನಕ್ಕೆ ಬಂದ ೨೦೨೦ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು ೨೦೨೫ರ ನವೆಂಬರ್ ೨೧ರಿಂದ ಜಾರಿಯಲ್ಲಿದೆ. ಅದರ ೧೨ನೆಯ ವಿಧಿಯು ಇದೇ ಹೊಣೆಯನ್ನು ವೈದ್ಯರ ಮೇಲೆ ಮುಂದುವರಿಸಿದೆ. ಕಾನೂನು ಇಲ್ಲಿ ಕಂಪನಿಯ ವೈದ್ಯನೆಂದು ಹೇಳುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಜೇವರ್ಗಿಯ ಸಂತೆಬೀದಿಯಲ್ಲಿ ಕುಳಿತ ಅರ್ಹ ವೈದ್ಯನಿಗೂ ಈ ಹೊಣೆ ಅಷ್ಟೇ ಮಟ್ಟಿಗೆ ಅನ್ವಯಿಸುತ್ತದೆ.

೪

ಇನ್ನು ನಮ್ಮ ಮೂರು ತಾಲ್ಲೂಕುಗಳ ಕಡೆಗೆ ತಿರುಗೋಣ. ಇವು ೧೯೪೮ರ ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ೧೯೫೬ರ ನವೆಂಬರ್ ೧ರಂದು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದುವು. ಅಫಜಲಪುರ, ಜೇವರ್ಗಿಗಳನ್ನು ಭೀಮಾನದಿ ಮುಟ್ಟಿ ಹರಿಯುತ್ತದೆ. ಆಳಂದದ ಸೀಮೆಯಲ್ಲಿ ಅಮರ್ಜಾ ಹೊಳೆಯಿದೆ. ಎರೆಮಣ್ಣಿನ ಈ ನೆಲದಲ್ಲಿ ಜೋಳ, ತೊಗರಿ, ಹತ್ತಿ ಬೆಳೆಯುತ್ತವೆ. ನೀರಿನ ಆಸರೆಯಿರುವಲ್ಲಿ ಕಬ್ಬು. ಆಳಂದ ತಾಲ್ಲೂಕಿನ ಭೂಸನೂರಿನಲ್ಲಿಯೂ ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿಯೂ ಸಕ್ಕರೆ ಕಾರ್ಖಾನೆಗಳು ನಿಂತಿವೆ. ಮೇಲ್ನೋಟಕ್ಕೆ ಇದು ಶುದ್ಧ ಒಕ್ಕಲುತನದ ನಾಡು. ಆದರೆ ಒಕ್ಕಲುತನವೂ ಒಂದು ಕಸುಬೇ, ಅದಕ್ಕೂ ತನ್ನದೇ ಆದ ರೋಗಗಳುಂಟು ಎಂಬುದನ್ನು ನಾವು ಮರೆಯಲಾಗದು.

ಈ ಅರಿವು ನಮ್ಮ ಹಿರಿಯರಿಗೆ ಇಲ್ಲದಿರಲಿಲ್ಲ. ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುವ ಪದ್ಧತಿ ಈ ಸೀಮೆಯಲ್ಲಿ ಬಹುಕಾಲ ನಡೆದು ಬಂದಿತು. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಆಮ್ಲಜನಕವನ್ನು ಕಳೆದು ಇಂಗಾಲಾಮ್ಲವನ್ನು ತುಂಬುತ್ತದೆ. ಬಾಯಿ ತೆರೆದೊಡನೆ ಇಳಿದವನು ಮೂರ್ಛೆಹೋಗಿ ಸಾಯುವನು. ಎತ್ತಲು ಇಳಿದವನೂ ಅವನೊಡನೆ ಹೋಗುವನು. ಆದುದರಿಂದ ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ, ಅದು ನಂದದೆ ಉರಿದರೆ ಮಾತ್ರ ಮನುಷ್ಯನು ಇಳಿಯುವ ರೂಢಿಯಿತ್ತು. ಔದ್ಯೋಗಿಕ ಸುರಕ್ಷತೆಯ ಪಾಠ ಇದಕ್ಕಿಂತ ಬೇರೆಯಲ್ಲ. ಹಗೇವು ಹೋಗಿ ಮಲಗುಂಡಿಯೂ ಕಾಕಂಬಿಯ ತೊಟ್ಟಿಯೂ ಬಂದಿರುವ ಈ ಕಾಲದಲ್ಲಿ ಅಪಾಯ ಉಳಿದಿದೆ, ದೀಪದ ರೂಢಿ ಮಾತ್ರ ಅಳಿದಿದೆ.

ಈಗಿನ ಅಪಾಯಗಳಲ್ಲಿ ಮೊದಲನೆಯದು ಕೀಟನಾಶಕ. ತೊಗರಿ ಹೂವಾಡುವ ಕಾಲಕ್ಕೆ ಕಾಯಿಕೊರಕ ಹುಳುವಿಗಾಗಿ ಔಷಧ ಹೊಡೆಯುತ್ತಾರೆ. ಆಗ ಗಿಡ ಆಳುದ್ದ ಬೆಳೆದಿರುತ್ತದೆ. ಸಿಂಪಡಿಸಿದ ಹನಿ ಹೊಡೆಯುವವನ ಮುಖ, ಎದೆಗಳ ಮೇಲೆಯೇ ಮರಳಿ ಬೀಳುತ್ತದೆ. ಆರ್ಗನೋಫಾಸ್ಫೇಟ್ ವರ್ಗದ ವಿಷವು ಚರ್ಮದ ಮೂಲಕವೂ ಒಳಸೇರಿ, ನರದಿಂದ ನರಕ್ಕೆ ಸಂದೇಶ ಸಾಗಿದ ಮೇಲೆ ಅದನ್ನು ನಿಲ್ಲಿಸುವ ಕೋಲಿನ್‌ಎಸ್ಟರೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ಬೆವರು, ಜೊಲ್ಲು, ವಾಂತಿ, ಭೇದಿ, ಕಣ್ಣು ಮಂಜಾಗುವುದು, ಮಾಂಸಖಂಡಗಳು ಅದುರುವುದು ಇದರ ಲಕ್ಷಣಗಳು. ಕಸುಬನ್ನು ಕೇಳದ ವೈದ್ಯರಿಗೆ ಇದು ಬಿಸಿಲಿನ ಬಾಧೆಯೆಂದೋ ವಾಂತಿಭೇದಿಯೆಂದೋ ತೋರುವುದು ಸಹಜ. ಆದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗಿದ್ದರೆ ರೋಗ ತನ್ನ ಹೆಸರನ್ನು ತಾನೇ ಹೇಳುತ್ತದೆ. ಬಟ್ಟೆ ಕಳಚಿ ಸಾಬೂನಿನಿಂದ ಮೈ ತೊಳೆಯಿಸಿ, ಅಟ್ರೋಪಿನ್ ಕೊಟ್ಟು, ದೊಡ್ಡ ಆಸ್ಪತ್ರೆಗೆ ಸಾಗಿಸಿದರೆ ಜೀವ ಉಳಿಯಬಹುದು. ೨೦೧೭ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಹತ್ತಿ ಹೊಲಗಳಲ್ಲಿ ಔಷಧ ಹೊಡೆದ ಇಪ್ಪತ್ತರಷ್ಟು ಮಂದಿ ಒಂದೇ ಹಂಗಾಮಿನಲ್ಲಿ ಸತ್ತರೆಂಬುದನ್ನು ಅದೇ ಬಗೆಯ ಮಣ್ಣೂ ಬೆಳೆಯೂ ಇರುವ ಜೇವರ್ಗಿ ಮರೆಯತಕ್ಕುದಲ್ಲ.

ಎರಡನೆಯದು ಸಸ್ಯಮೂಲದ ಧೂಳು. ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ರೋಗದಲ್ಲಿ ಎದೆಬಿಗಿತವು ವಾರದ ರಜೆಯ ಮರುದಿನ ಕೆಲಸಕ್ಕೆ ಹೋದಾಗ ಹೆಚ್ಚಾಗಿ, ಮುಂದಿನ ದಿನಗಳಲ್ಲಿ ಇಳಿಯುತ್ತದೆ. ಸಾಮಾನ್ಯ ಉಬ್ಬಸಕ್ಕೆ ಇಂಥ ವಾರದ ಲೆಕ್ಕವಿಲ್ಲ. ನಿಜಾಮರ ಕಾಲದಲ್ಲಿ, ೧೯ನೆಯ ಶತಮಾನದ ಕೊನೆಯ ಭಾಗದಲ್ಲಿ ಸ್ಥಾಪಿತವಾದ ಕಲಬುರಗಿಯ ಮೆಹಬೂಬ್ ಶಾಹಿ ಬಟ್ಟೆ ಗಿರಣಿ ಈಗ ಇಲ್ಲ. ಆದರೆ ಹತ್ತಿಯನ್ನು ಹಿಂಜುವ ಕೆಲಸ ನಿಂತಿಲ್ಲ. ಕಬ್ಬಿನ ಸಿಪ್ಪೆಯ ಸಂಗತಿ ಇನ್ನೂ ವಿಚಿತ್ರವಾದುದು. ಹಸಿ ಸಿಪ್ಪೆ ನಿರಪಾಯಕಾರಿ. ಅದೇ ಸಿಪ್ಪೆ ತೇವದಲ್ಲಿ ರಾಶಿಬಿದ್ದು ಬಿಸಿಯೇರಿದರೆ ಥರ್ಮೋಆಕ್ಟಿನೋಮೈಸಿಸ್ ಎಂಬ ಸೂಕ್ಷ್ಮಜೀವಿ ಬೆಳೆಯುತ್ತದೆ; ಒಣಗಿದ ರಾಶಿಯನ್ನು ಕೆದಕಿದವನಿಗೆ ಕೆಲವು ಗಂಟೆಗಳ ಮೇಲೆ ಚಳಿಜ್ವರ, ಕೆಮ್ಮು, ಏದುಸಿರು ಬರುತ್ತವೆ. ಬಗಾಸೋಸಿಸ್ ಎಂಬ ಈ ರೋಗವನ್ನು ಅಮೆರಿಕದ ಲೂಯಿಸಿಯಾನಾದಲ್ಲಿ ೧೯೪೧ರಲ್ಲಿ ವರ್ಣಿಸಿದರು. ಭಾರತದಲ್ಲಿ ಅದು ೧೯೫೫ರಲ್ಲಿ ಕಲ್ಕತ್ತೆಯ ಸಮೀಪದ ರಟ್ಟಿನ ಕಾರ್ಖಾನೆಯೊಂದರಿಂದ ವರದಿಯಾಯಿತು. ಸಿಪ್ಪೆಯ ರಾಶಿಯ ಸುದ್ದಿ ತಿಳಿಯದ ವೈದ್ಯರು ಇದನ್ನು ಮಲೇರಿಯವೆಂದೋ ನ್ಯುಮೋನಿಯವೆಂದೋ ಎಣಿಸುವುದು ಅಸಂಭವವಲ್ಲ.

ಮೂರನೆಯದು ವಲಸೆ. ಮಳೆ ಕೈಕೊಟ್ಟ ವರ್ಷಗಳಲ್ಲಿಯೂ, ಸುಗ್ಗಿ ಮುಗಿದ ತಿಂಗಳುಗಳಲ್ಲಿಯೂ ಈ ಸೀಮೆಯ ಹಳ್ಳಿಗಳಿಂದ, ತಾಂಡಾಗಳಿಂದ ಜನರು ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಕಟ್ಟಡದ ಕೆಲಸಕ್ಕೆ, ಕಲ್ಲಿನ ಕೆಲಸಕ್ಕೆ ಹೋಗುತ್ತಾರೆ. ಹರಳುಕಲ್ಲಿನ ಸೂಕ್ಷ್ಮ ಧೂಳು ಶ್ವಾಸಕೋಶದಲ್ಲಿ ಗಾಯದ ಗಂಟುಗಳನ್ನು ಕಟ್ಟಲು ಸಾಮಾನ್ಯವಾಗಿ ಹತ್ತು ಇಪ್ಪತ್ತು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಮೇಸ್ತ್ರಿ ಬದಲಾಗಿರುತ್ತಾನೆ, ಕಟ್ಟಡ ಮುಗಿದಿರುತ್ತದೆ, ಕೆಲಸಗಾರನು ಊರಿಗೆ ಮರಳಿರುತ್ತಾನೆ. ಧೂಳು ಕುಡಿದದ್ದು ಪುಣೆಯಲ್ಲಿ, ಕೆಮ್ಮುವುದು ಆಳಂದದಲ್ಲಿ. ಈ ಎರಡು ತುದಿಗಳನ್ನೂ ಒಟ್ಟಿಗೆ ಕಾಣಬಲ್ಲವರು ಅವನ ಮನೆತನವನ್ನು ಬಲ್ಲ ಊರಿನ ವೈದ್ಯರೊಬ್ಬರೇ.

೫

ಸಿಲಿಕೋಸಿಸ್ ಇದ್ದವನಿಗೆ ಕ್ಷಯವೂ ಸುಲಭವಾಗಿ ಅಂಟುತ್ತದೆ. ಆದುದರಿಂದ ಕ್ಷಯವೆಂಬ ನಿರ್ಣಯ ಸುಳ್ಳೇ ಆಗಿರಬೇಕೆಂದಿಲ್ಲ. ಅದು ಅರ್ಧ ಸತ್ಯವಾಗಿರಬಹುದು. ಕ್ಷಯದ ಮದ್ದು ಮುಗಿದರೂ ಏದುಸಿರು ನಿಲ್ಲದಿದ್ದಾಗ ಉಳಿದರ್ಧವನ್ನು ಹುಡುಕಬೇಕಾಗುತ್ತದೆ. ಧೂಳಿನಿಂದಾದ ಗಾಯಕ್ಕೆ ಔಷಧವಿಲ್ಲ. ಆದರೆ ಧೂಳಿನಿಂದ ದೂರವಿರಿಸಿದರೆ ಮುಂದಿನ ಹಾನಿಯನ್ನು ಕಡಿಮೆ ಮಾಡಬಹುದು. ಅದೇ ತಂಡದಲ್ಲಿ ದುಡಿಯುವ ತಮ್ಮನನ್ನೂ ಮಗನನ್ನೂ ಉಳಿಸಬಹುದು. ೧೯೨೩ರ ಪರಿಹಾರ ಕಾಯಿದೆಯು ವೃತ್ತಿರೋಗವನ್ನು ಅಪಘಾತಕ್ಕೆ ಸಮನಾಗಿ ಎಣಿಸಿತು. ಆ ತತ್ತ್ವ ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಮುಂದುವರಿದಿದೆ. ಆದರೆ ರೋಗಕ್ಕೆ ಹೆಸರು ಕೊಟ್ಟು, ಕಸುಬಿನ ವಿವರವನ್ನು ಚೀಟಿಯಲ್ಲಿ ಬರೆಯುವ ವೈದ್ಯರಿಲ್ಲದಿದ್ದರೆ ಆ ಹಕ್ಕು ಕಾಗದದಲ್ಲಿಯೇ ಉಳಿಯುತ್ತದೆ.

ಇಂಥ ಕೆಲಸ ಒಬ್ಬ ಸಾಮಾನ್ಯ ವೈದ್ಯನಿಂದ ಸಾಧ್ಯವೇ ಎಂದು ಶಂಕಿಸುವವರಿಗೆ ಕಾಸರಗೋಡಿನ ದೃಷ್ಟಾಂತವೊಂದನ್ನು ಹೇಳಬಹುದು. ಅಲ್ಲಿನ ಎಣ್ಮಕಜೆ ಪಂಚಾಯತಿನ ವಾಣೀನಗರದಲ್ಲಿ ದವಾಖಾನೆ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್ ಅವರು, ತಮ್ಮಲ್ಲಿಗೆ ಬರುವ ಕೆಲವೇ ಮನೆತನಗಳಲ್ಲಿ ಅಸಾಮಾನ್ಯ ವ್ಯಾಧಿಗಳು ಒಂದರ ಮೇಲೊಂದು ಬರುತ್ತಿರುವುದನ್ನು ೧೯೯೦ರ ದಶಕದಲ್ಲಿ ಗುರುತಿಸಿ, ಕಾರಣವನ್ನು ವಿಚಾರಿಸಲು ತೊಡಗಿದರು. ಸುತ್ತಲಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ ಸಂಗತಿಯ ಕಡೆಗೆ ಅವರ ವಿಚಾರಣೆ ಹೊರಳಿತು. ಕನ್ನಡದ ಕೃಷಿ ಪತ್ರಕರ್ತ ಶ್ರೀ ಪಡ್ರೆಯವರು ಈ ವಿಷಯವನ್ನು ಲೋಕದ ಮುಂದಿಟ್ಟರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ೨೦೦೧ರಲ್ಲಿ ಅಲ್ಲಿಯ ಮಕ್ಕಳನ್ನು ಬೇರೊಂದು ಗ್ರಾಮದ ಮಕ್ಕಳೊಡನೆ ಹೋಲಿಸಿ ನೋಡಿ ಆರೋಗ್ಯದಲ್ಲಿ ವ್ಯತ್ಯಾಸವಿರುವುದನ್ನು ವರದಿ ಮಾಡಿದರು. ೨೦೧೧ರ ಮೇ ೧೩ರಂದು ಸರ್ವೋಚ್ಚ ನ್ಯಾಯಾಲಯವು ಎಂಡೋಸಲ್ಫಾನಿನ ತಯಾರಿಕೆ, ಮಾರಾಟ, ಬಳಕೆಗಳನ್ನು ದೇಶದಾದ್ಯಂತ ತಡೆಹಿಡಿಯಿತು. ಈ ಸರಣಿಯ ಮೊದಲ ಕೊಂಡಿಗಳಲ್ಲೊಂದು ಪ್ರಯೋಗಾಲಯವಲ್ಲ, ಹಳ್ಳಿಯ ದವಾಖಾನೆ.

೬

ಹಾಗಾದರೆ ವೈದ್ಯರಿಗೆ ಈ ವಿದ್ಯೆಯನ್ನು ಕಲಿಸುವ ವ್ಯವಸ್ಥೆ ನಮ್ಮಲ್ಲಿ ಹೇಗಿದೆ? ವೈದ್ಯ ಪದವಿಯ ಪಾಠಕ್ರಮದಲ್ಲಿ ಇದು ಸಮುದಾಯ ವೈದ್ಯಶಾಸ್ತ್ರದ ಒಂದು ಅಧ್ಯಾಯ ಮಾತ್ರ. ಪದವಿಯ ಮೇಲೆ ಕಲಿಯಬಯಸುವವರಿಗೆ ಸಂಸ್ಥೆಗಳಿಲ್ಲದಿಲ್ಲ. ಕಲ್ಕತ್ತೆಯ ಅಖಿಲ ಭಾರತ ಆರೋಗ್ಯಶಾಸ್ತ್ರ ಸಂಸ್ಥೆ ೧೯೩೨ರಲ್ಲಿಯೂ, ಅಹಮದಾಬಾದಿನ ಸಂಸ್ಥೆ ೧೯೬೬ರಲ್ಲಿಯೂ, ಅದರ ಬೆಂಗಳೂರಿನ ಪ್ರಾದೇಶಿಕ ಕೇಂದ್ರ ೧೯೭೭ರಲ್ಲಿಯೂ ಆರಂಭವಾದುವು. ಕೈಗಾರಿಕಾ ಆರೋಗ್ಯದ ಸಹಸದಸ್ಯತ್ವವೆಂಬ ಮೂರು ತಿಂಗಳ ಶಿಕ್ಷಣವನ್ನು ಮುಂಬಯಿಯ ಕೇಂದ್ರ ಕಾರ್ಮಿಕ ಸಂಸ್ಥೆಯಲ್ಲಿಯೂ ಇತರ ಕೆಲವು ಕಡೆಗಳಲ್ಲಿಯೂ ಕೊಡುತ್ತಾರೆ. ಆದರೆ ಇದು ಕಾರ್ಖಾನೆಯ ವೈದ್ಯನಾಗಬಯಸುವವನಿಗೆ ತಕ್ಕ ಶಿಕ್ಷಣ. ಅಫಜಲಪುರದ ವೈದ್ಯರು ಮೂರು ತಿಂಗಳು ದವಾಖಾನೆಯ ಬಾಗಿಲು ಹಾಕಿದರೆ ಅವರ ಸಂಸಾರಕ್ಕೂ ಕಷ್ಟ, ಅವರನ್ನು ನಂಬಿದ ಊರಿಗೂ ಕಷ್ಟ.

ಭಾರತೀಯ ವೈದ್ಯಕೀಯ ಪರಿಷತ್ತಿನ ೨೦೦೨ರ ನಿಯಮಗಳ ಪ್ರಕಾರ ವೈದ್ಯನು ಐದು ವರ್ಷಗಳಲ್ಲಿ ೩೦ ಗಂಟೆಗಳ ಮುಂದುವರಿದ ಶಿಕ್ಷಣವನ್ನು ಪಡೆಯಬೇಕು. ಎಂದರೆ ವರ್ಷಕ್ಕೆ ಆರು ಗಂಟೆ. ಈ ಆರರಲ್ಲಿ ಎರಡನ್ನು ಕಸುಬಿನ ರೋಗಗಳಿಗೆ ಮೀಸಲಿಟ್ಟರೂ ಐದು ವರ್ಷಗಳಿಗೆ ಹತ್ತು ಗಂಟೆಗಳಾಗುತ್ತವೆ. ಅಗತ್ಯವಾದುದನ್ನು ಕಲಿಸಲು ಅಷ್ಟು ಸಾಕು. ಅದಕ್ಕೆ ಸ್ಥಳವೂ ದೂರವಿಲ್ಲ. ಕಲಬುರಗಿಯಲ್ಲಿ ೧೯೬೩ರಲ್ಲಿ ಸ್ಥಾಪಿತವಾದ ಮಹಾದೇವಪ್ಪ ರಾಂಪೂರೆ ವೈದ್ಯಕೀಯ ಕಾಲೇಜಿದೆ; ೨೦೧೩ರಲ್ಲಿ ಆರಂಭವಾದ, ಕಾರ್ಮಿಕರಿಗೆಂದೇ ಮೀಸಲಾದ ನೌಕರರ ರಾಜ್ಯ ವಿಮಾ ನಿಗಮದ ಕಾಲೇಜಿದೆ; ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿಯೇ ೨೦೦೯ರ ಕೇಂದ್ರೀಯ ವಿಶ್ವವಿದ್ಯಾಲಯವಿದೆ.

ಏನನ್ನು ಕಲಿಸಬೇಕು? ನಮ್ಮ ದೃಷ್ಟಿಯಲ್ಲಿ ಐದು ಪಾಠಗಳು ಮುಖ್ಯ. ಮೊದಲನೆಯದು ಪ್ರಶ್ನೆ ಕೇಳುವ ಕ್ರಮ: ಈಗಿನ ಕೆಲಸವೇನು, ಹಿಂದಿನ ಕೆಲಸಗಳೇನು, ಅಲ್ಲಿ ಮುಟ್ಟಿದ್ದೇನು ಉಸಿರಾಡಿದ್ದೇನು, ರಜೆಯಲ್ಲಿ ಬಾಧೆ ಇಳಿಯುವುದೇ, ಜೊತೆಯವರಿಗೂ ಹೀಗೆಯೇ ಆಗಿದೆಯೇ. ಎರಡನೆಯದು ಆಯಾ ತಾಲ್ಲೂಕಿನ ಕಸುಬುಗಳ ಪಂಚಾಂಗ. ಯಾವ ತಿಂಗಳಲ್ಲಿ ಸಿಂಪಡಣೆ, ಯಾವಾಗ ಕಬ್ಬು ನುರಿಸುವಿಕೆ, ಯಾವಾಗ ವಲಸೆ ಎಂಬುದನ್ನು ಬಲ್ಲ ವೈದ್ಯರು ರೋಗವನ್ನು ಮುಂದಾಗಿಯೇ ನಿರೀಕ್ಷಿಸಬಲ್ಲರು. ಮೂರನೆಯದು ವಿಷಬಾಧೆಯ ತುರ್ತು ಚಿಕಿತ್ಸೆ. ನಾಲ್ಕನೆಯದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸಿದ್ಧಪಡಿಸಿದ ಮಾದರಿಗಳೊಡನೆ ಎದೆಯ ಕ್ಷ-ಕಿರಣ ಚಿತ್ರವನ್ನು ಹೋಲಿಸಿ ನೋಡುವ ಅಭ್ಯಾಸ. ಐದನೆಯದು ಬರಹ: ವರದಿಯನ್ನು ಯಾರಿಗೆ, ಹೇಗೆ ಕಳುಹಿಸಬೇಕು, ಪ್ರಮಾಣಪತ್ರದಲ್ಲಿ ಏನನ್ನು ಬರೆಯಬೇಕು ಎಂಬುದು. ಈ ಪಾಠಗಳು ಕನ್ನಡದಲ್ಲಿಯೂ ನಡೆಯತಕ್ಕುವು. ರೋಗಿಯು ಉತ್ತರ ಕೊಡುವುದು ಕನ್ನಡದಲ್ಲಿ, ಉರ್ದುವಿನಲ್ಲಿ, ಲಂಬಾಣಿಯಲ್ಲಿ ಅಲ್ಲವೆ?

೭

ಇದಕ್ಕೆ ಆಕ್ಷೇಪಣೆಗಳು ಬರಬಹುದು. ದಿನಕ್ಕೆ ನೂರಾರು ರೋಗಿಗಳನ್ನು ನೋಡುವವರಿಗೆ ವಿಚಾರಣೆಗೆ ಸಮಯವೆಲ್ಲಿ ಎಂಬುದು ಒಂದು. ಎಲ್ಲರನ್ನೂ ಎಲ್ಲವನ್ನೂ ಕೇಳಬೇಕಾಗಿಲ್ಲ. ಮದ್ದಿಗೆ ಬಗ್ಗದ ಕೆಮ್ಮಿನವನನ್ನೂ, ಹೊಲದಿಂದ ನೇರವಾಗಿ ಹೊತ್ತು ತಂದವನನ್ನೂ ಕೇಳಿದರೆ ಸಾಕು. ವರದಿ ಬರೆದರೆ ಊರಿನ ಬಲ್ಲಿದರ ವೈರ ಕಟ್ಟಿಕೊಂಡಂತಾಗುವುದೆಂಬುದು ಇನ್ನೊಂದು. ಇದು ತಳ್ಳಿಹಾಕತಕ್ಕ ಮಾತಲ್ಲ. ಒಂಟಿ ವೈದ್ಯನಿಗೆ ಕಷ್ಟವಾದುದು ಒಟ್ಟಿಗೆ ಕಲಿತ ಇಪ್ಪತ್ತು ವೈದ್ಯರಿಗೆ ಅಷ್ಟು ಕಷ್ಟವಾಗಲಾರದು. ಮುಂದುವರಿದ ಶಿಕ್ಷಣದ ಒಂದು ಪ್ರಯೋಜನ ಈ ಒಡನಾಟವೇ. ಒಕ್ಕಲಿಗನು ಕಾರ್ಖಾನೆಯ ಕಾನೂನಿಗೆ ಒಳಪಡುವುದಿಲ್ಲವೆಂಬ ಮೂರನೆಯ ಆಕ್ಷೇಪಣೆ ನಿಜವಾದುದು. ೧೯೫೮ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಬೆರೆತ ಗೋಧಿಹಿಟ್ಟಿನಿಂದ ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ ನಡೆದ ವಿಚಾರಣೆಯ ಫಲವಾಗಿ ಬಂದ ೧೯೬೮ರ ಕೀಟನಾಶಕ ಕಾಯಿದೆಯ ೨೬ನೆಯ ವಿಧಿಯು ವಿಷಬಾಧೆಯ ಪ್ರಕರಣಗಳನ್ನು ವರದಿ ಮಾಡಿಸುವ ಅಧಿಕಾರವನ್ನು ರಾಜ್ಯಸರಕಾರಕ್ಕೆ ಕೊಟ್ಟಿತು. ಆ ಅಧಿಕಾರ ಫಲಿಸುವುದೂ ಕೊನೆಗೆ ವೈದ್ಯರ ಲೇಖಣಿಯಿಂದಲೇ.

ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೂ ಇಲ್ಲಿ ಮಾಡಬಹುದಾದ ಕೆಲಸವುಂಟು. ಒಂದೊಂದು ಹಳ್ಳಿಯಲ್ಲಿ ಯಾವ ಯಾವ ಕಸುಬುಗಳಿದ್ದುವು, ಯಾರು ಯಾವ ವರ್ಷ ಎಲ್ಲಿಗೆ ದುಡಿಯಲು ಹೋದರು, ಹಗೇವುಗಳು ಎಂದು ಮುಚ್ಚಿದುವು, ಸಿಂಪಡಣೆ ಎಂದು ಬಂತು ಎಂಬುದನ್ನು ಹಿರಿಯರಿಂದ ಕೇಳಿ ಬರೆದಿಟ್ಟರೆ ಅದು ಚರಿತ್ರೆಗೆ ಸಾಮಗ್ರಿಯಾಗುತ್ತದೆ; ಆ ಊರಿನ ವೈದ್ಯರ ಮೇಜಿನ ಮೇಲೆ ರೋಗನಿರ್ಣಯಕ್ಕೆ ಸಾಧನವೂ ಆಗುತ್ತದೆ. ಹಗೇವಿಗೆ ದೀಪ ಇಳಿಸಿದವರು ಗಾಳಿಯ ರಸಾಯನವನ್ನು ಓದಿದವರಲ್ಲ. ಇಳಿಯುವ ಮೊದಲು ವಿಚಾರಿಸಬೇಕೆಂಬುದನ್ನು ಮಾತ್ರ ಬಲ್ಲವರು. ರಾಮಾಜ್ಜಿನಿಯ ಪ್ರಶ್ನೆಗೂ ಈ ದೀಪಕ್ಕೂ ಉದ್ದೇಶ ಒಂದೇ. ಆ ಪ್ರಶ್ನೆ ಆಳಂದ, ಅಫಜಲಪುರ, ಜೇವರ್ಗಿಗಳ ದವಾಖಾನೆಗಳಲ್ಲಿ ದಿನದಿನವೂ ಕೇಳಿಬರುವಂತಾದರೆ, ಈ ಸೀಮೆಯ ದುಡಿಯುವ ಜನರ ಆರೋಗ್ಯಕ್ಕೂ ಅವರ ಚರಿತ್ರೆಗೂ ಒಂದೇ ಸಲ ಉಪಕಾರವಾದಂತಾಗುವುದು.